ಟಯರಿಗೆ ಅರ ಹಾಕಿದ್ದು

ನನ್ನ ಗಾಡಿ ನಡುಗಲು ಶುರುವಾದ ದಿನವೇ ಅದಕ್ಕೆ ಕಾರಣ ನಾನು ಎಂದು ತೀರ್ಮಾನವಾಗಿಬಿಟ್ಟಿತ್ತು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ರಜೆ ಮುಗಿಸಿ ಊರಿಂದ ಬಂದವಳು ಕತಾರಿನ ದೋಹಾದಲ್ಲಿ, ಮದೀನತ್ ಖಲೀಫಾದ ಮನೆಯಿಂದ ಊರಾಚೆ ಉಮ್ಮ್ ಸಲಾಲ್‌ನ ನನ್ನ ಆಫೀಸಿಗೆ ಹೊರಟಿದ್ದೆ. ಸಿಗ್ನಲ್ ದಾಟಿ ಸ್ವಲ್ಪ ವೇಗ ಹಿಡಿಯುತ್ತಲೇ ಸ್ಟೀರಿಂಗ್ ಕೈಯಲ್ಲಿ ಗಡಗಡ ಅಲುಗಿತು. ಸೀಟಿನಡಿಯಿಂದ ಧಡ್ ಧಡ್ ಎಂದು ಸದ್ದು. ಪಂಕ್ಚರ್ ಆಗಿರಬೇಕೆಂದು ಬದಿಗೆ ನಿಲ್ಲಿಸಿ, ಇಳಿದು ನೋಡಿದರೆ ನಾಲ್ಕೂ ಟಯರಿನಲ್ಲಿ ಗಾಳಿ ಇತ್ತು. ರಾತ್ರಿ ಗಂಡನಿಗೆ ಹೇಳಿದೆ. ಅವರು ಟೀವಿಯಿಂದ ಕಣ್ಣು ತೆಗೆಯದೆ, "ಬ್ರೇಕ್ ಹೊಡೆದು ಹೊಡೆದು ನೀನೇ ಹಾಳು ಮಾಡಿದ್ದು," ಎಂದರು.

ಎರಡು ತಿಂಗಳು ನಾನು ಆ ಗಾಡಿಯನ್ನು ಮುಟ್ಟಿಯೇ ಇರಲಿಲ್ಲ. ಅವರ ಜೊತೆಯಲ್ಲೇ ಊರಿನಲ್ಲಿದ್ದವಳು ಇಲ್ಲಿ ಬ್ರೇಕ್ ಹೊಡೆಯುವುದು ಹೇಗೆ? ಕೇಳಿದೆ. ಅವರು ಟೀವಿಯ ಸದ್ದನ್ನು ಸ್ವಲ್ಪ ಜಾಸ್ತಿ ಮಾಡಿದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾವು ಉಡುಪಿ ಕಡೆಯ ಕ್ರಿಶ್ಚಿಯನ್ನರು. ದೊಡ್ಡದೊಂದು ವಿಲ್ಲಾವನ್ನು ಗೋಡೆ ಹಾಕಿ ನಾಲ್ಕು ಪೋರ್ಶನ್ ಮಾಡಿ ಬಾಡಿಗೆಗೆ ಕೊಟ್ಟಿದ್ದರಲ್ಲ, ಅಂಥದರಲ್ಲಿ ಒಂದು ನಮ್ಮದು. ಗಂಡನಿಗೆ ದೋಹಾದಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತಿನ ಲೆಕ್ಕಪತ್ರದ ಕೆಲಸ. ಅವರನ್ನು ಕರೆದೊಯ್ಯಲು ಕಂಪನಿಯ ವ್ಯಾನು ಗೇಟಿಗೇ ಬರುತ್ತಿತ್ತು. ನನಗೆ ಉಮ್ಮ್ ಸಲಾಲ್‌ನಲ್ಲಿ, ಕಟ್ಟಡದ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಟೈಪಿಸ್ಟ್ ಕೆಲಸ. ಅತ್ತ ಕಡೆ ಬಸ್ಸಿಲ್ಲ, ಟ್ಯಾಕ್ಸಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಗಾಡಿ ಇದ್ದರೆ ಕೆಲಸ, ಗಾಡಿ ಹೋದರೆ ಕೆಲಸವೂ ಹೋದಂತೆ. ಇಷ್ಟು ಸರಳ. ಆ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಕೊಂಡದ್ದು ನನ್ನ ಸಂಬಳದಿಂದ, ಆದರೆ ಹೆಸರು ಅವರದು. ಅಲ್ಲಿನ ರೂಢಿ ಅದು ಎಂದು ಆಗ ಎಲ್ಲರೂ ಹೇಳಿದರು, ನಾನೂ ತಲೆಯಾಡಿಸಿದೆ. ಲೈಸೆನ್ಸ್ ಮಾತ್ರ ನನ್ನ ಹೆಸರಿನಲ್ಲೇ ಇತ್ತು. ಟೆಸ್ಟಿನಲ್ಲಿ ಅವರಿಗಿಂತ ಬೇಗ ಪಾಸಾದವಳು ನಾನು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ.

ಮರುವಾರ ಗಾಡಿಯನ್ನು ಗ್ಯಾರೇಜಿಗೆ ಒಯ್ದೆವು. ಚಕ್ರಗಳನ್ನು ಮೆಶಿನ್ನಿಗೆ ಹಾಕಿ ತಿರುಗಿಸಿದ ಮೆಕ್ಯಾನಿಕ್ ತೂಕ ಸಮ ಮಾಡಲು ಅಂಚಿಗೆ ಸಣ್ಣ ಸಣ್ಣ ಸೀಸದ ತುಂಡು ಬಡಿದ. ಕೈ ಒರೆಸಿಕೊಳ್ಳುತ್ತ ಬಂದವನು ನನ್ನನ್ನು ದಾಟಿಕೊಂಡು ಹೋಗಿ ಗಂಡನ ಎದುರು ನಿಂತು, "ಟಯರ್ ಠೀಕ್ ಹೈ ಸಾಬ್. ಮೇಡಂ ಬ್ರೇಕ್ ಜ್ಯಾದಾ ಮಾರ್ತಾ ಹೈ," ಎಂದ. ಗಾಡಿ ಓಡಿಸುವವಳು ನಾನು, ದೂರು ಹೇಳಿದವಳು ನಾನು, ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿದ್ದವಳು ನಾನು. ಅವನ ಕಣ್ಣಿಗೆ ನಾನು ಗೋಡೆಗೆ ಒರಗಿಸಿಟ್ಟ ಪೊರಕೆ. ಗಂಡ ಅವನ ಭುಜ ತಟ್ಟಿ ನಕ್ಕರು.

ವಾಪಸು ಬರುವಾಗ ಗಾಡಿ ಓಡಿಸಿದ್ದು ಅವರು. ದಾರಿಯುದ್ದಕ್ಕೂ ಅದು ಹಾಗೆಯೇ ಧಡ್ ಧಡ್ ಎಂದಿತು, ಸ್ಟೀರಿಂಗ್ ಅವರ ಕೈಯಲ್ಲೂ ಹಾಗೆಯೇ ಅಲುಗಿತು. ಈಗ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಅವರು, "ನೋಡು, ಎಷ್ಟು ಹಾಳು ಮಾಡಿಟ್ಟಿದ್ದಿ," ಎಂದರು.

ಆ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ನಮ್ಮವರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರಿದ್ದೆವು. ಪ್ರಾರ್ಥನೆ ಮುಗಿದು ಚಹಾಕ್ಕೆ ಕುಳಿತಾಗ ನನ್ನ ಗಂಡ ಈ ಕಥೆಯನ್ನು ರಸವತ್ತಾಗಿ ಬಡಿಸಿದರು. ಮೆಕ್ಯಾನಿಕ್ಕಿನ ಮಾತು, ಅವನ ಧ್ವನಿ ಎಲ್ಲ ಬಂತು. ನಾನು ತಟ್ಟೆ ಕೆಳಗಿಟ್ಟು, "ಬ್ರೇಕಿನದ್ದಲ್ಲ. ಟಯರೇ ಸರಿ ಇಲ್ಲ, ದುಂಡಗಿಲ್ಲ ಅದು," ಎಂದೆ. ಒಬ್ಬ ಹಿರಿಯರು, "ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ!" ಎಂದರು. ಮನೆ ಹಾರಿಹೋಗುವ ಹಾಗೆ ನಗು. ಹೆಂಗಸರೂ ನಕ್ಕರು. ಇನ್ನೊಬ್ಬರು ನನ್ನ ಗಂಡನ ಕಡೆ ತಿರುಗಿ, "ಅಲ್ಲ ಮಾರಾಯ, ಹೆಂಡತಿ ಓಡಿಸುವಾಗ ನೀನು ಪಕ್ಕದಲ್ಲಿ ಕೂತ್ಕೊಳ್ಳುವುದಾ? ಬೆಲ್ಟ್ ಗಟ್ಟಿ ಕಟ್ಟಿಕೋ," ಎಂದರು. ನನ್ನ ಗಂಡನ ಮುಖದ ನಗು ಅಲ್ಲಿಗೆ ಆರಿಹೋಯಿತು. ನನ್ನನ್ನು ಗೇಲಿ ಮಾಡುವವರೆಗೆ ಎಲ್ಲ ಸೊಗಸಾಗಿತ್ತು.

ಅಂಗಳ ನಿಜವಾಗಿಯೂ ಡೊಂಕಾಗಿದ್ದರೆ? ಆ ಗಾದೆ ಕಟ್ಟಿದವರು ಒಂದು ಸಲವಾದರೂ ಅಂಗಳಕ್ಕಿಳಿದು ನೋಡಿದ್ದರೆ? ಮನೆಗೆ ಬರುವವರೆಗೂ ನನ್ನ ತಲೆಯಲ್ಲಿ ಇದೇ ಕುದಿಯುತ್ತಿತ್ತು.

ಮನೆ ತಲುಪಿದ ಮೇಲೆ ಗಂಡ ಗಾಡಿಯ ಕೀಯನ್ನು ತಮ್ಮ ಪ್ಯಾಂಟಿನ ಕಿಸೆಗೆ ಹಾಕಿಕೊಂಡರು.

"ಎಂತದು? ಕೀ ಇಲ್ಲಿಡಿ," ಎಂದೆ.

"ನಡುಗುವ ಗಾಡಿ ನಿನ್ನ ಕೈಗೆ ಕೊಡ್ಲಿಕ್ಕಿಲ್ಲ. ಎಲ್ಲಿಯಾದ್ರೂ ಹೋಗಿ ಗುದ್ದಿದರೆ ಪೊಲೀಸ್ ಸ್ಟೇಶನ್ನಿಗೆ ನಾನು ಹೋಗ್ಬೇಕು."

"ಹಾಗಾದ್ರೆ ಹೊಸ ಟಯರ್ ಹಾಕಿಸಿ."

"ಹೊಸತು ಹಾಕಿದ್ರೂ ನೀನು ಹಾಳು ಮಾಡ್ತಿ. ಗಾಡಿ ಸರಿಯಾಗ್ಲಿ, ಆಮೇಲೆ ಕೊಡ್ತೇನೆ. ಖಲಾಸ್."

ಗಾಡಿ ಸರಿಯಾದರೆ ಕೊಡುತ್ತೇನೆ ಎಂದಿದ್ದರು. ನನ್ನ ಕಿವಿಯಾರೆ ಕೇಳಿದ್ದೆ. ಆ ಮಾತನ್ನು ಹಿಡಿದುಕೊಂಡೆ.

ಮರುದಿನದಿಂದ ಕಿತ್ತಳೆ ಬಣ್ಣದ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದು ನಿಲ್ಲುವ ಕೆಲಸ. ಕೆಲವರು ಉಮ್ಮ್ ಸಲಾಲ್ ಎಂದ ಕೂಡಲೇ 'ಮಾಫಿ, ಮಾಫಿ', ಇಲ್ಲ ಇಲ್ಲ, ಎಂದು ಕೈಯಾಡಿಸಿ ಹೊರಟುಬಿಡುತ್ತಿದ್ದರು. ಆಫೀಸಿಗೆ ತಡ. ಮ್ಯಾನೇಜರು ಗಡಿಯಾರ ನೋಡುತ್ತಿದ್ದರು. ಮನೆಯ ಗೇಟಿನೊಳಗೆ ನನ್ನ ಗಾಡಿ ಸುಮ್ಮನೆ ಬಿದ್ದುಕೊಂಡಿತ್ತು.

ನಾನು ಮನೆಯಲ್ಲಿ ಹೊಲಿಯುತ್ತಿದ್ದೆ. ನಮ್ಮ ಕಡೆಯ ಮಕ್ಕಳ ಮೊದಲ ಪರಮಪ್ರಸಾದ ಸ್ವೀಕಾರದ ದಿನದ ಬಿಳಿ ಫ್ರಾಕುಗಳೆಲ್ಲ ನನ್ನ ಕೈಯವೇ. ಅಗಲ ಸುತ್ತಿನ ಫ್ರಾಕು ಹೊಲಿದವರಿಗೆ ಗೊತ್ತು, ಅಂಚು ಸಮ ಬರುವುದೇ ಕಷ್ಟ. ಬಟ್ಟೆ ಕೆಲವು ಕಡೆ ಜೋತು ಬೀಳುತ್ತದೆ, ಕೆಲವು ಕಡೆ ಎತ್ತಿಕೊಳ್ಳುತ್ತದೆ. ಅದಕ್ಕೆ ನನ್ನ ಹತ್ತಿರ ಮರದ ಒಂದು ಸ್ಟ್ಯಾಂಡ್ ಇತ್ತು. ಬೇಕಾದ ಎತ್ತರದಲ್ಲಿ ಚಾಕ್ ಸಿಕ್ಕಿಸುವಂಥದು. ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೆಲ್ಲಗೆ ತಿರುಗಿಸಿದರೆ ಆಯಿತು. ಸ್ಟ್ಯಾಂಡ್ ಅಲುಗುವುದಿಲ್ಲ, ತಿರುಗುವುದು ಹುಡುಗಿ. ಚಾಕ್ ಎಲ್ಲ ಕಡೆ ಒಂದೇ ಎತ್ತರದಲ್ಲಿ ಗೆರೆ ಎಳೆಯುತ್ತದೆ. ಆ ವಾರ ಹಾಗೊಂದು ಫ್ರಾಕಿಗೆ ಗೆರೆ ಹಾಕುತ್ತಿದ್ದಾಗಲೇ ಹೊಳೆಯಿತು, ಇದೇ ಕೆಲಸವನ್ನು ಚಕ್ರಕ್ಕೂ ಮಾಡಬಹುದಲ್ಲ ಎಂದು. ಗ್ಯಾರೇಜಿನ ಮೆಶಿನ್ ನೋಡಿದ್ದು ಚಕ್ರದ ತೂಕವನ್ನು. ಅದು ದುಂಡಗಿದೆಯೋ ಇಲ್ಲವೋ ಎಂದು ಯಾರು ನೋಡಿದ್ದರು?

ಗುರುವಾರ ಎಲ್ಲರಿಗೂ ಅರ್ಧ ದಿನದ ಕೆಲಸ. ಮಧ್ಯಾಹ್ನ ಗಂಡ ಕ್ರಿಕೆಟ್ ಆಡಲು ಹೋದರು. ನಾನು ಪಕ್ಕದ ಪೋರ್ಶನ್ನಿನ ಬಾಗಿಲು ತಟ್ಟಿದೆ. ಅಲ್ಲಿದ್ದವರು ಮಂಗಳೂರು ಕಡೆಯ ಬ್ಯಾರಿ ವ್ಯಾಪಾರಿಯ ಸಂಸಾರ. ಅವರ ಹೆಂಡತಿ ನನಗಿಂತ ಹಿರಿಯರು, ಗಟ್ಟಿ ಹೆಂಗಸು. ವಿಷಯ ಕೇಳಿ ಅವರು ನಗಲಿಲ್ಲ. ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು, "ಯಲ್ಲಾ, ನಡಿ," ಎಂದರು, ಅಷ್ಟೆ.

ಬೀಗ ಕೆಟ್ಟಿದ್ದ ಡಿಕ್ಕಿಯಿಂದ ಜಾಕ್ ತೆಗೆದು ಹಾಕಿ ಮುಂದಿನ ಚಕ್ರ ಎತ್ತಿ, ಗಾಡಿ ಜಾರದಂತೆ ಅಡಿಗೆ ಸಿಮೆಂಟಿನ ದಿಮ್ಮಿ ಕೊಟ್ಟೆವು. ಚಾಕ್ ಟಯರಿಗೆ ತಾಗಿಯೂ ತಾಗದಂತೆ ಸ್ಟ್ಯಾಂಡ್ ಇಟ್ಟೆ. ಅವರು ಚಕ್ರ ತಿರುಗಿಸಿದರು. ಕಪ್ಪು ರಬ್ಬರಿನ ಮೇಲೆ ಬಿಳಿ ಗೆರೆ ಬೀಳುತ್ತ ಹೋಯಿತು, ಹೋಯಿತು, ಒಂದು ಕಡೆ ನಿಂತುಬಿಟ್ಟಿತು. ಒಂದು ಗೇಣಿನಷ್ಟು ಜಾಗದಲ್ಲಿ ಚಾಕ್ ತಾಗಲೇ ಇಲ್ಲ. ಆಮೇಲೆ ಮತ್ತೆ ಗೆರೆ. ಇನ್ನೊಂದು ಸುತ್ತು ತಿರುಗಿಸಿದರೂ ಅದೇ ಜಾಗ ಖಾಲಿ. ಕೈಯಿಟ್ಟು ಸವರಿದೆ. ಅಲ್ಲಿ ಟಯರು ಚಪ್ಪಟೆಯಾಗಿತ್ತು. ಅಂಗಳ ಡೊಂಕೇ ಆಗಿತ್ತು!

ಒಂದೊಂದಾಗಿ ನಾಲ್ಕನ್ನೂ ನೋಡಿದೆವು. ನಾಲ್ಕರಲ್ಲೂ ಒಂದೊಂದು ಚಪ್ಪಟೆ. ಮಧ್ಯಾಹ್ನದ ಬಿಸಿಲು ಬೀಳುವ ಬದಿಯ ಎರಡರಲ್ಲಿ ಜೋರು. ಬ್ರೇಕ್ ಹೊಡೆದರೆ ಹೀಗೆ ನಾಲ್ಕೂ ಒಂದೇ ತರಹ ಆಗುವುದಿಲ್ಲ. ಒಂದೇ ಕಡೆ ಬಹಳ ದಿನ ಭಾರ ಹೊತ್ತು ನಿಂತರೆ ಆಗುತ್ತದೆ. ಆಗ ನನಗೆ ಜುಲೈ ತಿಂಗಳಿನ ಆ ಬೆಳಿಗ್ಗೆ ನೆನಪಾಯಿತು.

ಊರಿಗೆ ಹೊರಡುವ ಮುಂಚೆ ನಮ್ಮ ಗಂಡಸರೆಲ್ಲ ಒಂದು ಕೆಲಸ ಮಾಡುತ್ತಿದ್ದರು. ಬೇಸಗೆಯ ಬಿಸಿಗೆ ಟಯರು ಒಡೆದುಹೋಗುತ್ತದೆ ಎಂದು ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕರ್ಧ ಬಿಡುವುದು. ಯಾರು ಹೇಳಿಕೊಟ್ಟರೋ ದೇವರಿಗೇ ಗೊತ್ತು. ಗಲ್ಫಿಗೆ ಬಂದ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಹೇಳುತ್ತಿದ್ದ, ಗಿಣಿಪಾಠದ ಹಾಗೆ. ನನ್ನ ಗಂಡನೂ ಏರ್‌ಪೋರ್ಟಿಗೆ ಹೊರಡುವ ಮುಂಚೆ ಕುಕ್ಕರುಗಾಲಲ್ಲಿ ಕೂತು ಸುಯ್ ಸುಯ್ ಎಂದು ಗಾಳಿ ಬಿಟ್ಟಿದ್ದರು. ಬಂದ ಮೇಲೆ ಪಂಪು ಹೊಡೆದು ತುಂಬಿಸಿದರು. ಎರಡು ತಿಂಗಳು ಸುಡುವ ನೆಲದ ಮೇಲೆ, ಅರ್ಧ ಗಾಳಿಯಲ್ಲಿ, ಒಂದೇ ಜಾಗದಲ್ಲಿ ಗಾಡಿ ಕುಳಿತಿತ್ತು. ಟಯರು ಮೇಣದಂತೆ ಕುಸಿದು, ಕುಸಿದಲ್ಲೇ ಗಟ್ಟಿಯಾಗಿತ್ತು.

"ಆದ್ರೆ ನಿಮ್ಮವರಿಗೆ ಕೀ ಕೊಟ್ಟು ಹೋಗಿದ್ದೆವಲ್ಲ?" ಎಂದೆ. ರಜೆಗೆ ಹೋಗುವವರು ಡೂಪ್ಲಿಕೇಟ್ ಕೀಯನ್ನು ನೆರೆಯವರ ಕೈಯಲ್ಲಿಟ್ಟು, 'ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ' ಎಂದು ಹೇಳಿ ಹೋಗುವುದು ಅಲ್ಲಿನ ಪದ್ಧತಿ.

ಅವರು ಹಣೆ ಚಚ್ಚಿಕೊಂಡರು. "ಮಾಡಿದ್ರು, ಮಾಡಿದ್ರು! ಪ್ರತಿ ಜುಮಾ ಮುಗಿಸಿ ಬಂದು ಸ್ಟಾರ್ಟ್ ಮಾಡಿ, ಎಸಿ ಹಾಕಿ, ರೇಡಿಯೋ ಕೇಳ್ತಾ ಕೂತ್ಕೊಳ್ತಿದ್ರು. ಒಂದಿಂಚು ಮುಂದೆ ಹೋಗ್ಲಿಲ್ಲ ಗಾಡಿ. ಸ್ಟಾರ್ಟ್ ಮಾಡ್ಲಿಕ್ಕೆ ಹೇಳಿದ್ದು, ಓಡಿಸ್ಲಿಕ್ಕೆ ಹೇಳ್ಲಿಲ್ಲ ಅಂತ."

ಇಬ್ಬರು ಗಂಡಸರು. ಒಬ್ಬ ಗಾಳಿ ಬಿಟ್ಟ, ಇನ್ನೊಬ್ಬ ಎಸಿಯಲ್ಲಿ ಕುಳಿತ. ಬೈಗುಳ ತಿಂದದ್ದು ನಾನು, ಒಂದು ಚಹಾದ ಕೂಟದ ತುಂಬ. ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು. ಅಳು ಅಲ್ಲ ಅದು, ಸಿಟ್ಟೇ.

ಫ್ರಾಕಿನ ಅಂಚು ಗಿಡ್ಡವಾದ ಕಡೆ ಬಟ್ಟೆಯನ್ನು ಎಳೆದು ಉದ್ದ ಮಾಡಲಾಗುವುದಿಲ್ಲ. ಉದ್ದ ಇದ್ದ ಕಡೆ ಕತ್ತರಿಸಿ ಗಿಡ್ಡಕ್ಕೆ ಸಮ ಮಾಡಬೇಕು. ಟಯರಿಗೂ ಅದೇ ನ್ಯಾಯ. ಚಪ್ಪಟೆ ಜಾಗವನ್ನು ಉಬ್ಬಿಸಲು ನನ್ನಿಂದಾಗದು. ಉಳಿದ ಸುತ್ತನ್ನೆಲ್ಲ ತೇಯ್ದು ಇಳಿಸಬಹುದು. ನಮ್ಮ ಕಂಪನಿಯ ಸ್ಟೋರಿನಿಂದ ಬಡಗಿಗಳು ಬಳಸುವ ಒರಟು ಅರವೊಂದನ್ನು ಕೇಳಿ ತಂದೆ. ಯಾಕೆ ಎಂದು ಕೇಳಿದವರಿಗೆ ಬಾಗಿಲು ಉಬ್ಬಿದೆ ಎಂದೆ.

ಗಂಡ ಸಂಜೆಯ ಡ್ಯೂಟಿಗೆ ಹೋದ ಮೇಲೆ ನಮ್ಮ ಕೆಲಸ ಶುರುವಾಗುತ್ತಿತ್ತು. ಮೊದಲು ಗಾಳಿ ಸರಿಯಾಗಿ ತುಂಬಿಸಿದೆವು. ಅವರು ಚಕ್ರ ತಿರುಗಿಸುವುದು, ನಾನು ಅರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುವುದು. ರಬ್ಬರು ಕಬ್ಬಿಣದ ಹಾಗೆ ಗಟ್ಟಿ. ಮೊದಲ ದಿನ ಬರೀ ಕಪ್ಪು ಹುಡಿ ಉದುರಿತು, ಗೆರೆಯಲ್ಲಿ ಏನೂ ಬದಲಾಗಲಿಲ್ಲ. ತೋಳು ಬಾತುಕೊಂಡಿತು. ಸೀನಿದರೆ ಕರವಸ್ತ್ರ ಕಪ್ಪು. ಎಷ್ಟು ತಿಕ್ಕಿದರೂ ಸುಟ್ಟ ರಬ್ಬರಿನ ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ಅಕ್ಕಿ ತೊಳೆಯುವಾಗಲೂ ಮೂಗಿಗೆ ಬಡಿಯುತ್ತಿತ್ತು. ಅರ ಒತ್ತುವಾಗ ನಾನು ಆ ಮೆಕ್ಯಾನಿಕ್ಕನ್ನು ನೆನೆಸಿಕೊಳ್ಳುತ್ತಿದ್ದೆ, ಗಾದೆ ಹೇಳಿದ ಹಿರಿಯರನ್ನು ನೆನೆಸಿಕೊಳ್ಳುತ್ತಿದ್ದೆ, ನಕ್ಕ ಹೆಂಗಸರನ್ನೂ ಬಿಡುತ್ತಿರಲಿಲ್ಲ. ಕೈಗೆ ಬಲ ಬರುತ್ತಿತ್ತು.

"ಮೆಲ್ಲಗೆ ಮಾರಾಯ್ತಿ, ಟಯರ್ ಅದು, ನಿನ್ನ ಗಂಡ ಅಲ್ಲ," ಎಂದರು ನೆರೆಯವರು. ಇಬ್ಬರೂ ನೆಲಕ್ಕೆ ಕುಳಿತು ನಕ್ಕೆವು.

ತೇಯುವುದು, ಚಾಕ್ ಹಿಡಿಯುವುದು, ಎಲ್ಲಿ ಗೆರೆ ದಪ್ಪ ಬಿತ್ತೋ ಅಲ್ಲಿ ಮತ್ತೆ ತೇಯುವುದು. ಅವಸರ ಮಾಡಿದರೆ ಹೊಸ ಗುಂಡಿ ಬೀಳುತ್ತದೆ. ಒಂದು ಕಡೆ ನಾನೇ ಹಾಗೆ ಹೆಚ್ಚು ತೇಯ್ದು, ಮತ್ತೆ ಇಡೀ ಸುತ್ತು ಇಳಿಸಬೇಕಾಯಿತು. ಖಾಲಿ ಜಾಗ ಗೇಣಿನಿಂದ ಅಂಗೈಗೆ ಬಂತು, ಅಂಗೈಯಿಂದ ಎರಡು ಬೆರಳಿಗೆ ಬಂತು, ಕೊನೆಗೊಂದು ಸಂಜೆ ಚಾಕ್ ಎಲ್ಲೂ ನಿಲ್ಲದೆ ಪೂರ್ತಿ ಸುತ್ತಿತು. ನಾಲ್ಕರಲ್ಲಿ ಒಂದು ಟಯರು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಅದರ ಚಪ್ಪಟೆಯ ಮಟ್ಟಕ್ಕೆ ಇಳಿಸಲು ಹೋದರೆ ಒಳಗಿನ ನೂಲು ಕಾಣುವ ಹಾಗಿತ್ತು. ಅದನ್ನು ಬಿಚ್ಚಿ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಾಕಿದೆವು.

ಓಡಿಸಿ ನೋಡಬೇಕಲ್ಲ? ಕೀ ಗಂಡನ ಕಿಸೆಯಲ್ಲಿ. ಆಗ ನೆರೆಯವರು ಒಳಗೆ ಹೋಗಿ, ಸಕ್ಕರೆ ಡಬ್ಬದ ಪಕ್ಕದಿಂದ ನಮ್ಮದೇ ಡೂಪ್ಲಿಕೇಟ್ ಕೀ ತಂದರು. ಜುಲೈಯಲ್ಲಿ ಕೊಟ್ಟದ್ದನ್ನು ಯಾರೂ ವಾಪಸು ಕೇಳಿರಲಿಲ್ಲ. ಇಬ್ಬರೂ ಹತ್ತಿ ಕುಳಿತು ಅಲ್ ಗರಾಫಾದವರೆಗೆ ಹೋದೆವು. ಅರವತ್ತು ದಾಟಿತು, ಎಂಬತ್ತು ದಾಟಿತು. ಸ್ಟೀರಿಂಗ್ ಅಲುಗಲಿಲ್ಲ. ಎರಡು ಬೆರಳಲ್ಲಿ ಹಿಡಿದರೂ ನೇರ ಹೋಗುತ್ತಿತ್ತು. "ಇದು ಗಾಡಿಯಾ, ತೊಟ್ಟಿಲಾ?" ಎಂದರು ಅವರು. ನಾನು ಕಿಟಕಿ ಇಳಿಸಿ ಜೋರಾಗಿ ಕೂಗಿದೆ, ಏನು ಕೂಗಿದೆನೋ ಗೊತ್ತಿಲ್ಲ. ಮದುವೆಯಾದ ಮೇಲೆ ಅಷ್ಟು ಖುಷಿಯಾದ ದಿನ ಬೇರೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಗಂಡನಿಗೆ ಚಹಾ ಕೊಟ್ಟು, "ಗಾಡಿ ಸರಿಯಾಗಿದೆ, ಓಡಿಸಿ ನೋಡಿ," ಎಂದೆ. ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. ನಂಬಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಅರ ತೋರಿಸಿದೆ, ಗೋಡೆ ಪಕ್ಕ ಗುಡಿಸಿಟ್ಟ ಕಪ್ಪು ಹುಡಿ ತೋರಿಸಿದೆ, ಗಾಳಿ ಬಿಟ್ಟದ್ದರಿಂದ ಆದದ್ದು ಎಂದೂ ಹೇಳಿದೆ. ಅವರು ಗಾಡಿ ಹತ್ತಿದರು. ನಾನೂ ಪಕ್ಕದಲ್ಲಿ ಕುಳಿತೆ. ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ವೇಗ ಹೆಚ್ಚಿಸಿ ನೋಡಿ, ಇಳಿಸಿ ನೋಡಿ, ವಾಪಸು ತಂದು ನಿಲ್ಲಿಸಿದರು. ಇಂಜಿನ್ ಆರಿಸಿದರು. ಕೀಯನ್ನು ಕಿಸೆಗೆ ಹಾಕಿಕೊಂಡರು.

ನಾನು ಕೈ ಚಾಚಿದೆ. "ಕೊಡಿ."

"ನಾಳೆಯಿಂದ ಗಾಡಿ ನಾನೇ ತಗೊಂಡು ಹೋಗ್ತೇನೆ," ಎಂದರು.

"ಮತ್ತೆ ನಾನು?"

"ನಿನ್ನ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದ್ದೇನೆ. ಈ ತಿಂಗಳು ಬಿಡ್ತಾಳೆ ಅಂತ. ಅವಳಿಗೆ ನಾನೇ ಹೇಳ್ತೇನೆ, ನೀವು ಹೇಳ್ಬೇಡಿ ಅಂತಲೂ."

"ಯಾವಾಗ ಹೇಳಿದ್ದು?"

ಆಚೆ ವಾರವೇ. ಚಹಾದ ಕೂಟದ ಮರುದಿನ. ಅಂದರೆ ನಾನು ಗೇಟಿನ ಹೊರಗೆ ಟ್ಯಾಕ್ಸಿಗೆ ಕಾಯುತ್ತಿದ್ದಾಗ, ಅರ ಹಿಡಿದು ತೋಳು ಬಾತುಕೊಂಡು ಮಲಗಿದ್ದಾಗ, ಅದೆಲ್ಲ ಮುಗಿದೇ ಹೋಗಿತ್ತು.

"ಟಯರಿನ ವಿಷಯ ಅಲ್ಲ ಅದು," ಎಂದರು, ಮಗುವಿಗೆ ತಿಳಿ ಹೇಳುವ ಧ್ವನಿಯಲ್ಲಿ. "ನಾಲ್ಕು ಜನ ಮಾತಾಡ್ತಾರೆ. ನನಗೆ ತಲೆ ಎತ್ತಿ ನಡೀಲಿಕ್ಕೆ ಆಗುವುದಿಲ್ಲ. ನಿಂಗೆ ಎಂತ ಕಡಿಮೆ ಮಾಡಿದ್ದೇನೆ ನಾನು?"

ಟಯರಿನ ವಿಷಯ ಅಲ್ಲವಂತೆ! ಹಾಗಾದರೆ ಮೊದಲೇ ಹೇಳಬಾರದಿತ್ತೇ? ಗಾಡಿ ಸರಿಯಾಗಲಿ ಕೊಡುತ್ತೇನೆ ಎಂದದ್ದು ಯಾಕೆ? ನನ್ನಿಂದ ಆಗುವುದಿಲ್ಲ ಎಂದುಕೊಂಡು ಹೇಳಿದ ಮಾತು ಅದು. ಆಗಿಬಿಟ್ಟಿತು. ಆದ ಮೇಲೆ ಮಾತೇ ಬದಲು. ನಾನು ಅಂದು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಅವರ ತಾಯಿ, ತಂಗಿ, ಪ್ರಾರ್ಥನೆಯ ಹಿರಿಯರು, ಯಾರನ್ನೂ ಬಿಡಲಿಲ್ಲ. ಗೋಡೆಯಾಚೆ ನೆರೆಯವರಿಗೆ ಎಲ್ಲ ಕೇಳಿಸಿತಂತೆ. ಕೇಳಿಸಲಿ ಎಂದೇ ಕೂಗಿದ್ದೆ. ಆದರೆ ಆ ದೇಶದಲ್ಲಿ ನನ್ನ ವೀಸಾ ಅವರ ಹೆಸರಿನಲ್ಲಿ, ಗಾಡಿ ಅವರ ಹೆಸರಿನಲ್ಲಿ, ನಾನು ಕೆಲಸ ಮಾಡಲು ಬೇಕಿದ್ದ ಒಪ್ಪಿಗೆಯೂ ಅವರದೇ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು, ಅಷ್ಟೆ.

ಶನಿವಾರ ಅವರೇ ನನ್ನನ್ನು ಉಮ್ಮ್ ಸಲಾಲ್‌ಗೆ ಕರೆದುಕೊಂಡು ಹೋದರು. ಮ್ಯಾನೇಜರು ಒಳ್ಳೆಯ ಮನುಷ್ಯ, ಸುಡಾನಿನವರು. ತಲೆ ತಗ್ಗಿಸಿ, "ಖಲಾಸ್, ಸಿಸ್ಟರ್. ಹಸ್ಬೆಂಡ್ ಸೇ ನೋ, ಐ ಸೇ ವಾಟ್?" ಎಂದರು. ನನ್ನ ಕುರ್ಚಿಯಲ್ಲಿ ಆಗಲೇ ಹೊಸ ಹುಡುಗಿಯೊಬ್ಬಳು ಕುಳಿತು ನನ್ನ ಮೆಶಿನ್ನಿನಲ್ಲಿ ಬೆರಳು ಪಳಗಿಸುತ್ತಿದ್ದಳು. ಮೇಜಿನ ಕೀ ಕೊಟ್ಟೆ, ಸ್ಟೋರಿಗೆ ಅರ ಮರಳಿಸಿದೆ, ನನ್ನ ಚಪ್ಪಲಿ ಮತ್ತು ಚಹಾದ ಕಪ್ಪನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಬಂದೆ. ಗಂಡ ಇಂಜಿನ್ ಆರಿಸದೆ, ಎಸಿ ಹಾಕಿಕೊಂಡು ಕಾಯುತ್ತಿದ್ದರು.

ದೋಹಾದ ಕಡೆ ತಿರುಗಿ ವೇಗ ಹಿಡಿದೆವು. ಅರ್ಧ ದಾರಿಯಲ್ಲಿ ಅವರು ಸ್ಟೀರಿಂಗನ್ನು ಮೆಲ್ಲಗೆ ತಟ್ಟಿ, "ನಿಜ ಹೇಳ್ಬೇಕು, ಎಂತ ಸ್ಮೂತ್ ಹೋಗ್ತದೆ ನೋಡು ಈಗ ನಮ್ಮ ಗಾಡಿ," ಎಂದರು. ಸಂತೋಷದಿಂದಲೇ ಹೇಳಿದರು. ನನಗೂ ಸಂತೋಷವಾಗುತ್ತದೆ ಎಂದು ತಿಳಿದು ಹೇಳಿದರು.

"ನಮ್ಮದಲ್ಲ, ನಿಮ್ಮದು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮನೆ ಬರುವವರೆಗೂ ಗಾಡಿಯನ್ನು ಹೊಗಳುತ್ತಲೇ ಇದ್ದರು.